ದುಧನಿಯಲ್ಲಿ ಸೀತನಿ

"ನಿಮ್ದು ಯಾವ ದೇಶರಿ ಬಾಯಾರ?" ಎಂದು
ಟಿಕೇಟು ಕಿಂಡಿಯಾಚೆಯಿಂದ ಮೊದಲ ದಿನ ಕೇಳಿದವರು
ತಂಗೆವ್ವ. ಮಂಜೇಶ್ವರ ಎಂದೆ.
ಅದು ದುಬೈಗಿಂತ ಆಚೆಯೋ ಈಚೆಯೋ,
ಅವರ ಕಣ್ಣಿಗೆ ಲೆಕ್ಕ ಸಿಗಲಿಲ್ಲ.

ಈಗ ಅದೇ ತಂಗೆವ್ವನ ಹೊಲದ ಬದುವಿನಲ್ಲಿ
ಚಪ್ಪಲಿ ಬಿಟ್ಟು ಕೂತಿದ್ದೇನೆ.
ಎಳ್ಳಮವಾಸ್ಯೆ ಕಳೆದು ಹತ್ತು ದಿನ.
ಕರಿನೆಲದ ಬಿರುಕು ನನ್ನ ಹೆಬ್ಬೆರಳು ನುಂಗುವಷ್ಟಿದೆ.
ಹಾಲುಗಾಳಿನ ಜೋಳ ಆಳೆತ್ತರ;
ಒಳಹೊಕ್ಕ ಮಸ್ತಾನ ಕಾಣುವುದಿಲ್ಲ,
ಎಲ್ಲಿ ದಂಟು ಅಲುಗಿತೋ ಅಲ್ಲಿ ಅವನು.

ಗೇಣುದ್ದದ ತಗ್ಗು. ಕುಳ್ಳು ಉರಿದು ಕೆಂಪಾಗಿ
ಮೇಲೆ ಬೂದಿಯ ತೆಳು ಹೊದಿಕೆ ಎಳೆದುಕೊಂಡಿದೆ.
ತೆನೆಗಳನ್ನು ತಲೆಕೆಳಗಾಗಿ ಹೂಳುತ್ತಾನೆ
ನಮ್ಮ ಪಾಯಿಂಟ್ಸ್‌ಮನ್ ರೇವಪ್ಪ.
ಗೂಡ್ಸ್ ಗಾಡಿಗೆ ಹಸಿರು ಬಾವುಟ ಹಿಡಿಯುವ
ಅದೇ ನಿಧಾನದಲ್ಲಿ ಒಮ್ಮೆ ಹೊರಳಿಸಿ,
"ಅವಸರ ಮಾಡಿದ್ರ ಹಸಿ, ತಡಾ ಮಾಡಿದ್ರ ಇದ್ದಲಿ" ಎಂದು
ಮತ್ತೆ ಸುಮ್ಮನಾಗುತ್ತಾನೆ.

ನಮ್ಮಲ್ಲಿ ಸುಡುವುದೆಂದರೆ ಗೇರುಬೀಜ.
ಓಟೆ ತಗಡಿನ ಮೇಲೆ ಚಿಟಿಲ್ಲೆಂದು ಎಣ್ಣೆ ಕಾರಿ
ಬೆಂಕಿಗೇ ಬೆಂಕಿ ಹಚ್ಚುತ್ತದೆ.
ಉದ್ದ ಕೋಲು ಹಿಡಿದು ಅಮ್ಮ ದೂರದಿಂದ ಕೆದಕುವುದು,
ತಾಳ್ಮೆಯಿಲ್ಲದ ನಾವು ತುಟಿ ಸುಟ್ಟುಕೊಂಡು
ಮಾರನೆ ದಿನ ಶಾಲೆಗೆ ಹೋಗುವುದು,
ಬಾಯಿಯ ಸುತ್ತ ಒಂದು ಕಪ್ಪು ಗಡಿ.

ಹೇಳಿದೆ. ಯಾರೂ ನಂಬಲಿಲ್ಲ.
ಗೋಡಂಬಿ ಪಾಕೀಟಿನಲ್ಲಿ ಬೆಳೆಯುತ್ತದೆ ಎಂದ ಮಸ್ತಾನನ ಮಗ.
ಬೀಜ ಹಣ್ಣಿನ ಹೊರಗೆ ಜೋತಿರುತ್ತದೆ ಎಂದಾಗಲಂತೂ
ರೇವಪ್ಪ ಹೊಗೆಯಲ್ಲಿ ನಕ್ಕು ಕೆಮ್ಮಿದ:
"ತನ್ನ ಹಣ್ಣು ಬಿಟ್ಟು ಬೀಜ ಹೊರಗ ಯಾಕ ಇರ್ತದರಿ?"
ನನಗೂ ಗೊತ್ತಿರಲಿಲ್ಲ.

ತೆನೆ ಬಂತು. ತಂಗೆವ್ವ ಎರಡು ಅಂಗೈ ನಡುವೆ
ಬೀಸುಕಲ್ಲಿನಂತೆ ತಿಕ್ಕಿದರೆ
ಹಸಿರು ಕಾಳು ಮೊರಕ್ಕೆ ಉದುರಿತು.
ನಾನೂ ಒಂದು ಎತ್ತಿಕೊಂಡೆ. ಚುರ್ ಎಂದಿತು, ಕೈ ಕೊಡವಿದೆ.
ಹದಿನೇಳು ವರ್ಷ ಚಿಲ್ಲರೆ ಎಣಿಸಿದ ಕೈ.
"ರೊಕ್ಕದ ಕೈ" ಎಂದರು ತಂಗೆವ್ವ,
ಬೈದಂತಲ್ಲ,
ಡಾಕ್ಟರು ಕಾಯಿಲೆಯ ಹೆಸರು ಹೇಳಿದಂತೆ.
ಆಮೇಲೆ ಉಫ್ ಎಂದು ಹೊಟ್ಟು ಹಾರಿಸಿ
ತಮ್ಮ ಪಾಲಿನದನ್ನು ನನ್ನ ಬೊಗಸೆಗೆ ಸುರಿದರು.

ಹಾಲಿನ ಸಿಹಿ, ಹಿಂದೆಯೇ ಹೊಗೆ,
ಕೊನೆಗೆ ಹಸಿ ಹುಲ್ಲು.
ಶೇಂಗಾ ಹಿಂಡಿ, ಬೆಲ್ಲದ ಚೂರು,
ಅದೇ ಕೆಂಡದಲ್ಲಿ ಸಿಪ್ಪೆ ಸಿಡಿದ ಬದನೆ,
ಮಡಕೆ ಬೋರಲು ಹಾಕಿದರೂ ಬೀಳದ ಮೊಸರು.
"ಉಪ್ಪು ಉಂಟಾ?" ಎಂದೆ.

ತಿನ್ನುವುದು ನಿಂತಿತು.
ಉಂಟಾ! ಉಂಟಾ ಅಂತ!
ಹುಡುಗನಿಗೆ ಉಸಿರು ಹಿಡಿದು ಬೆನ್ನು ತಟ್ಟಬೇಕಾಯಿತು.

ನಗಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ,
ಕಚೇರಿಯ ಅರ್ಜಿ ಮಲಯಾಳದಲ್ಲಿ. ಹಾಗೆ ಬೆಳೆದವಳಿಗೆ
ಇವರ ಉತಾರ ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ ಇರುವುದು
ಪರಿಚಯದ ಅಂಗಳವೇ.
ನಡುವಿನ ರಾಜ್ಯವೋ,
ರಜೆಗೆ ಊರಿಗೆ ಹೋಗುವಾಗ
ನಾನು ನಿದ್ದೆಯಲ್ಲಿ ದಾಟುವ ಜಾಗ.

ಹೊತ್ತು ಇಳಿಯಿತು. ದೂರದಲ್ಲಿ ಗೂಡ್ಸ್ ಕೂಗಿತು;
ರೇವಪ್ಪ ತಿರುಗದೆಯೇ, ಬಾಯಲ್ಲಿ ಕಾಳಿಟ್ಟುಕೊಂಡು
ಡಬ್ಬಿಗಳನ್ನು ಎಣಿಸಿದ. ಐವತ್ತೆಂಟು.
ತಗ್ಗಿಗೆ ಮಣ್ಣೆಳೆದು ತುಳಿದೆವು.
ಮೂಲಂಗಿ ಸೊಪ್ಪು, ಎರಡು ತೆನೆ
ನನ್ನ ಚೀಲಕ್ಕೆ ಹೇಳದೆ ಸೇರಿದ್ದವು.

ಸೋಮವಾರ ಬೆಳಿಗ್ಗೆ ಕಿಂಡಿ ತೆರೆದೆ.
ಎಷ್ಟು ತೊಳೆದರೂ ಅಂಗೈಯಲ್ಲಿ ಮಸಿಯ ಗೆರೆ,
ಕೊಟ್ಟ ಟಿಕೇಟಿಗೆಲ್ಲ ತುಸು ಹೊಗೆವಾಸನೆ.
ಸರತಿಯಲ್ಲಿ ಮೂರನೆಯವರು ತಂಗೆವ್ವ,
ಸೆರಗಿನ ಗಂಟು ಬಿಚ್ಚುತ್ತ, ನಗದೆ, ಗಟ್ಟಿ ದನಿಯಲ್ಲಿ:

"ಕಲಬುರ್ಗಿ ಗಾಡಿ ಉಂಟೇನ್ರಿ?"

ಐತ್ರಿ, ಎಂದೆ.